ಹೊಟ್ಟೆ ಮೇಲಿನ ಗೀಟು, ಹೊಟ್ಟೆ ಒಳಗಿನ ಜೋಡಣೆ

ಕಳೆದ ತಿಂಗಳು ಒಂದು ರಾತ್ರಿ ರಾಣೆಬೆನ್ನೂರಿನಿಂದ ನನ್ನ ಸೋದರಮಾವನ ಮಗ ಫೋನ್ ಮಾಡಿದ. ಅವನ ಮಾವನವರಿಗೆ ಪ್ಯಾಂಕ್ರಿಯಾಸಿನಲ್ಲಿ, ಅಂದರೆ ಮೇದೋಜೀರಕ ಗ್ರಂಥಿಯಲ್ಲಿ, ಗಡ್ಡೆ ಅಂತ ಗೊತ್ತಾಗಿ ನಾಲ್ಕು ದಿನ ಆಗಿತ್ತು. ನಮ್ಮ ಅಪ್ಪನಿಗೆ ಅದೇ ಆಪರೇಷನ್ ಆಗಿದ್ದು ಅವನಿಗೆ ನೆನಪಿತ್ತು. ಕುಶಲ ಕೇಳಲಿಲ್ಲ, ನೇರ ಮಾತಿಗೆ ಬಂದ. "ಅಕ್ಕಾ, ದುರ್ಬೀನ್‌ನಿಂದ ಮಾಡಿಸೋಣೋ, ಹೊಟ್ಟಿ ಕೊಯ್ಸೋಣೋ?" ಉತ್ತರ ತಕ್ಷಣ ಬಾಯಿಗೆ ಬರಲಿಲ್ಲ. ನಾನೂ ಇದೇ ಪ್ರಶ್ನೆಯನ್ನು ಇದೇ ದನಿಯಲ್ಲಿ ಕೇಳಿದ್ದೆ. ಆ ಪ್ರಶ್ನೆಯನ್ನು ಹಿಡಿದುಕೊಂಡು ಎರಡು ವಾರ ಮನೆಯವರ ಜೊತೆ ಜಗಳವನ್ನೂ ಆಡಿದ್ದೆ. ಅದು ಮೊದಲು ಕೇಳಬೇಕಾದ ಪ್ರಶ್ನೆ ಅಲ್ಲ ಅಂತ ತಿಳಿದದ್ದು ನಮ್ಮ ಅವ್ವನಿಂದ. ಅದನ್ನೇ ಇಲ್ಲಿ ಬರೆಯಬೇಕು ಅನ್ನಿಸಿದೆ.

ಹೊಟ್ಟೆಗೆ ಸಣ್ಣ ತೂತು ಹಾಕಿ, ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪ್ರೋಸ್ಕೋಪಿಗೆ ನಮ್ಮ ಕಡೆ ದುರ್ಬೀನ್ ಆಪರೇಷನ್ ಅಂತಾರೆ. ಕೆಲವರು ಲೇಸರ್ ಅಂತಲೂ ಅಂತಾರೆ, ಅದರಲ್ಲಿ ಲೇಸರ್ ಏನೂ ಇರುವುದಿಲ್ಲ. ಓಣಿಯಲ್ಲಿ ಮೂವರಾದರೂ ಪಿತ್ತಕೋಶದ ಹರಳು ತೆಗೆಸಿಕೊಂಡವರು ಇರುತ್ತಾರೆ. ಮೂರು-ನಾಲ್ಕು ತೂತು, ಮರುದಿನ ಮನೆ, ವಾರಕ್ಕೆ ಕೆಲಸ. ಹಾಗಾಗಿ ಹೊಟ್ಟೆ ಕೊಯ್ಯುವುದು ಅಂದರೆ ಹಳೇ ಕಾಲದ್ದು, ತೂತು ಹಾಕುವುದು ಅಂದರೆ ಹೊಸ ಕಾಲದ್ದು ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನನ್ನ ಮನಸ್ಸಿನಲ್ಲೂ ಹಾಗೇ ಕೂತಿತ್ತು.

ಕಾಮಣಿ

ಅಪ್ಪ ಗದಗ ಪಕ್ಕದ ಬೆಟಗೇರಿಯಲ್ಲಿ ನೇಕಾರ. ಅರವತ್ತೆರಡು ದಾಟಿದ ಮೇಲೆ ಒಮ್ಮೆಲೇ ಶುಗರ್ ಕಾಣಿಸಿಕೊಂಡಿತು. ಮನೆತನದಲ್ಲಿ ಯಾರಿಗೂ ಇರಲಿಲ್ಲ. ಮೈಯೂ ಇಳಿಯಿತು. ಶುಗರ್ ಬಂದರೆ ಮೈ ಇಳಿಯುತ್ತದೆ ಅಂದುಕೊಂಡು ಸುಮ್ಮನಿದ್ದೆವು. ವಯಸ್ಸಾದ ಮೇಲೆ, ಬೊಜ್ಜಿಲ್ಲದ ಮೈಗೆ, ತೂಕ ಇಳಿಯುತ್ತಿರುವಾಗಲೇ ಹೊಸದಾಗಿ ಶುಗರ್ ಬಂದರೆ ಒಮ್ಮೆ ಪ್ಯಾಂಕ್ರಿಯಾಸನ್ನೂ ನೋಡಬೇಕಂತೆ. ಎಲ್ಲರಿಗೂ ಗಡ್ಡೆ ಇರುವುದಿಲ್ಲ, ಬಹಳ ಮಂದಿಗೆ ಇರುವುದೇ ಇಲ್ಲ. ಆದರೂ ನನಗೆ ಆಗ ಇದು ಗೊತ್ತಿರಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಐದು ತಿಂಗಳಿಗೆ ಕಣ್ಣು ಹಳದಿ ಆಯಿತು. ನೋವಿಲ್ಲ, ಜ್ವರವಿಲ್ಲ. ಮೈ ತುಂಬ ತುರಿಕೆ. ರಾತ್ರಿಯೆಲ್ಲ ಬೆನ್ನನ್ನು ಕಂಬಕ್ಕೆ ಉಜ್ಜಿಕೊಳ್ಳುತ್ತಿದ್ದರು. ಉಚ್ಚೆ ಕಡು ಬಣ್ಣ, ಮಲ ಮಾತ್ರ ಸುಣ್ಣದ ಹಾಗೆ ಬಿಳಿ. ಕಾಮಣಿ ಅಂದರು ಎಲ್ಲರೂ. ಕಾಮಣಿಗೆ ನಮ್ಮಲ್ಲಿ ಔಷಧ ಕೊಡುವವರಿಗೆ ಕೊರತೆ ಇಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬೇರಿನ ರಸ, ಉಪ್ಪು-ಖಾರ ಬಿಟ್ಟ ಪಥ್ಯ. ಮೂರು ವಾರ ಹಾಗೇ ಹೋಯಿತು. ಲಿವರ್ ಸೋಂಕಿನ ಕಾಮಣಿ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಔಷಧಕ್ಕೆ ಬರುತ್ತದೆ. ಅಪ್ಪನದು ಆ ಕಾಮಣಿ ಆಗಿರಲಿಲ್ಲ. ಪಿತ್ತ ಇಳಿಯುವ ನಳಿಕೆಯನ್ನು ಹೊರಗಿನಿಂದ ಗಡ್ಡೆ ಒತ್ತಿ ಮುಚ್ಚಿತ್ತು. ಹುಬ್ಬಳ್ಳಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ರಕ್ತದಲ್ಲಿನ ಹಳದಿ ಅಂಶ, ಬಿಲಿರುಬಿನ್, ತುಂಬಾ ಏರಿ 18 ಆಗಿತ್ತು. ಎಂಡೋಸ್ಕೋಪಿಯಿಂದ ನಳಿಕೆಯೊಳಗೆ ಒಂದು ಸ್ಟೆಂಟ್, ಅಂದರೆ ಸಣ್ಣ ಕೊಳವೆ, ಇಟ್ಟು, ಹಳದಿ ಇಳಿಯುವವರೆಗೆ ಕಾದರು. ನೋವಿಲ್ಲದ ಕಾಮಣಿ ಯಾರಿಗಾದರೂ ಬಂದಿದೆ ಅಂತ ಕೇಳಿದರೆ ಈಗ ನನ್ನ ಎದೆ ಧಸಕ್ ಅನ್ನುತ್ತದೆ. ಮೊದಲು ಒಂದು ಸ್ಕ್ಯಾನ್ ಮಾಡಿಸಿ ಅಂತ ಗುರುತಿಲ್ಲದವರಿಗೂ ಹೇಳುತ್ತೇನೆ.

ಈ ಕ್ಯಾನ್ಸರ್ ಗಡ್ಡೆ ಗೊತ್ತಾದವರಲ್ಲಿ ಆಪರೇಷನ್‌ಗೆ ಒಗ್ಗುವವರೇ ಐವರಲ್ಲಿ ಒಬ್ಬರು, ಕೆಲವು ಸಲ ಅದಕ್ಕೂ ಕಡಿಮೆ. ಉಳಿದವರಿಗೆ ಅಷ್ಟರಲ್ಲಿ ಬೇರೆಡೆ ಹರಡಿರುತ್ತದೆ, ಇಲ್ಲವೇ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿರುತ್ತದೆ. ಅಪ್ಪನಿಗೆ ಆಪರೇಷನ್ ಮಾಡಬಹುದು ಅಂದಾಗ ನಾವು ಮನೆಯಲ್ಲಿ ದೇವರಿಗೆ ದೀಪ ಹಚ್ಚಿದೆವು.

ಅವ್ವ ಕೇಳಿದ್ದು

ಹುಬ್ಬಳ್ಳಿಯ ವಿದ್ಯಾನಗರದ ಒಂದು ಸಣ್ಣ ಕೋಣೆ. ಸರ್ಜನ್ ರಕ್ತದ ರಿಪೋರ್ಟನ್ನು ಮಗುಚಿ ಹಾಕಿ, ಹಿಂಬದಿಯಲ್ಲಿ ಚಿತ್ರ ಬರೆದರು. ಜಠರದ ಹಿಂದೆ ಅಡ್ಡಡ್ಡ ಮಲಗಿದ ಒಂದು ಗೇಣಿಗಿಂತ ಸಣ್ಣ ಅಂಗ. ಬಲಗಡೆ ತಲೆ, ಎಡಗಡೆ ಬಾಲ. ತಲೆಯನ್ನು ಸಣ್ಣ ಕರುಳು ಬಾಗಿ ತಬ್ಬಿಕೊಂಡಿದೆ. ಪಿತ್ತದ ನಳಿಕೆ ಆ ತಲೆಯೊಳಗಿಂದಲೇ ಹಾದು ಕರುಳಿಗೆ ಸೇರುತ್ತದೆ. ಆ ಅಂಗದ ಕತ್ತಿನ ಹಿಂದೆಯೇ ಲಿವರ್‌ಗೆ ಹೋಗುವ ದೊಡ್ಡ ರಕ್ತನಾಳ. ಹಾಗಾಗಿ ತಲೆಯನ್ನಷ್ಟೇ ಕಿತ್ತು ತೆಗೆಯಲು ಆಗುವುದಿಲ್ಲ. ತಲೆಯ ಜೊತೆ ಕರುಳಿನ ಆ ಬಾಗು, ಪಿತ್ತಕೋಶ, ಪಿತ್ತನಳಿಕೆಯ ಕೆಳಗಿನ ತುದಿ, ಕೆಲವರಲ್ಲಿ ಜಠರದ ತುಂಡೂ ಹೋಗುತ್ತದೆ. ಇದಕ್ಕೆ ವಿಪಲ್ ಅನ್ನುತ್ತಾರೆ. 1935ರಲ್ಲಿ ನ್ಯೂಯಾರ್ಕ್‌ನಲ್ಲಿ ಅಲೆನ್ ವಿಪಲ್ ಇದನ್ನು ಎರಡು ಹಂತದಲ್ಲಿ ಮಾಡಿ ತೋರಿಸಿದ್ದರಿಂದ ಆ ಹೆಸರು. "ತೆಗೆಯೋದು ಅರ್ಧ ಕೆಲಸ. ಆಮೇಲೆ ಮೂರು ಜೋಡಣೆ ಮಾಡಬೇಕು" ಅಂದರು ಡಾಕ್ಟರ್. ಉಳಿದ ಪ್ಯಾಂಕ್ರಿಯಾಸನ್ನು ಕರುಳಿಗೆ, ಪಿತ್ತನಳಿಕೆಯನ್ನು ಕರುಳಿಗೆ, ಜಠರವನ್ನು ಕರುಳಿಗೆ. "ಮೊದಲನೇದು ಭಾಳ ಸೂಕ್ಷ್ಮ. ಅಂಗ ಬೆಣ್ಣೆ ಥರ ಮೆತ್ತಗಿರುತ್ತೆ, ಅದರೊಳಗಿನ ನಳಿಕೆ ಎರಡು-ಮೂರು ಮಿಲಿಮೀಟರ್. ದಾರ ಎಳೆದರೆ ಬೆಣ್ಣೆ ಕೊಯ್ದ ಹಾಗೆ ಕೊಯ್ದುಬಿಡುತ್ತೆ."

ನಾನು ತಯಾರಾಗಿಯೇ ಹೋಗಿದ್ದೆ. ಒಂದು ವಾರ ರಾತ್ರಿಯಿಡೀ ಮೊಬೈಲ್ ನೋಡಿದ್ದೆ. ಇದನ್ನು ಲ್ಯಾಪ್ರೋಸ್ಕೋಪಿಯಿಂದ ಮಾಡಬಹುದಲ್ವಾ ಅಂತ ಕೇಳಿದೆ. ಮಾಡುವವರು ಇದ್ದಾರೆ ಅಂದರು. ಮತ್ತೆ ನೀವು ಯಾಕೆ ಮಾಡಲ್ಲ ಅಂದೆ. ನನ್ನ ದನಿ ಸ್ವಲ್ಪ ಗಡುಸಾಗಿತ್ತು. ಅವರು ಉತ್ತರ ಕೊಡುವ ಮೊದಲೇ ಅವ್ವ ಮುಂದೆ ಬಾಗಿ, ಚಿತ್ರದ ಮೇಲೆ ಬೆರಳಿಟ್ಟು ಕೇಳಿದಳು. "ಈ ಜೋಡಣಿ ಎಷ್ಟ ಮಂದಿಗೆ ಮಾಡೀರಿ ಸಾಹೇಬ್ರ?"

ಅವ್ವ ಶಾಲೆಗೆ ಹೋದದ್ದು ಮೂರನೇ ಇಯತ್ತೆವರೆಗೆ ಮಾತ್ರ. ಆದರೆ ಜೋಡಣೆ ಅಂದರೆ ಏನು ಅಂತ ಆ ಕೋಣೆಯಲ್ಲಿ ಡಾಕ್ಟರ್ ಬಿಟ್ಟರೆ ಅವಳಿಗೇ ಗೊತ್ತಿತ್ತು. ಒಂದು ಹಾಸು ಮುಗಿದಾಗ ಅದರ ಪ್ರತಿಯೊಂದು ಎಳೆಗೆ ಹೊಸ ಹಾಸಿನ ಎಳೆಯನ್ನು ಕೂಡಿಸಬೇಕು. ಸಾವಿರಾರು ಎಳೆ. ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು, ಎರಡು ತುದಿ ಸೇರಿಸಿ, ಒಂದು ಹೊಸೆತ. ನಲವತ್ತು ವರ್ಷ ಅವಳು ಅದನ್ನೇ ಮಾಡಿದ್ದಳು. ಹೊಸಬರು ಕೂಡಿಸಿದ ಎಳೆ ನೋಡಲು ಹಾಗೇ ಕಾಣುತ್ತದೆ. ಮಗ್ಗಕ್ಕೆ ಏರಿಸಿ ಎರಡು ಮೊಳ ನೇಯುವಷ್ಟರಲ್ಲಿ ಪಟ್ ಪಟ್ ಅಂತ ಹರಿಯುತ್ತದೆ. ಸೀರೆ ಮಡಿಸಿ ಅಂಗಡಿಯಲ್ಲಿ ಇಟ್ಟಾಗ ಮೇಲಿನ ಪದರ ನೋಡಿ ಯಾರಿಗೂ ಇದು ತಿಳಿಯುವುದಿಲ್ಲ.

ಸರ್ಜನ್ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಹೊಟ್ಟೆ ತೆರೆದು ಮಾಡಿದ್ದು ನೂರಕ್ಕಿಂತ ಜಾಸ್ತಿ, ದುರ್ಬೀನ್‌ನಲ್ಲಿ ಬಾಲದ ಗಡ್ಡೆ ತೆಗೆಯುತ್ತೇನೆ, ತಲೆಯದ್ದು ಇನ್ನೂ ಮಾಡಿಲ್ಲ, ನಿಮ್ಮವರ ಮೇಲೆ ಶುರು ಮಾಡುವುದು ನನಗೆ ಬೇಡ. ಇಷ್ಟೇ ಹೇಳಿದರು. ಅವ್ವ ನನ್ನ ಕಡೆ ನೋಡಿ "ಇಲ್ಲೇ ಮಾಡಿಸೋಣ" ಅಂದಳು.

ನನಗೆ ಒಪ್ಪಿಗೆ ಆಗಲಿಲ್ಲ. ಮರುದಿನ ಇನ್ನೊಂದು ಊರಿನ ಆಸ್ಪತ್ರೆಗೆ ರಿಪೋರ್ಟ್ ತೆಗೆದುಕೊಂಡು ಒಬ್ಬಳೇ ಹೋದೆ. ಅಲ್ಲಿ ಸಣ್ಣ ತೂತಿನಲ್ಲೇ ಮಾಡಿಕೊಡುತ್ತೇವೆ, ಏಳನೇ ದಿನ ಮನೆ ಅಂದರು. ಅವ್ವನ ಪ್ರಶ್ನೆಯನ್ನು ನಾನೂ ಕೇಳಿದೆ. ಎಷ್ಟು ಮಾಡಿದ್ದೀರಿ? ಅವರು ಯಂತ್ರದ ಬಗ್ಗೆ ಹೇಳಿದರು. ಎಷ್ಟು ದೊಡ್ಡದಾಗಿ ಕಾಣುತ್ತದೆ, ಎಷ್ಟು ಕಡಿಮೆ ರಕ್ತ ಹೋಗುತ್ತದೆ ಅಂತ ಹೇಳಿದರು. ಮತ್ತೆ ಕೇಳಿದೆ. ಚಿಂತೆ ಮಾಡಬೇಡಿ ಅಂದರು. ಲೆಕ್ಕ ಮಾತ್ರ ಕೊನೆಗೂ ಬಾಯಿಂದ ಬರಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಕೂತಾಗ ನನಗೆ ಅವ್ವನ ಬೆರಳೇ ಕಣ್ಣ ಮುಂದೆ ಬರುತ್ತಿತ್ತು.

ಚೀಲದ ಬಣ್ಣ

ಆಪರೇಷನ್ ಏಳು ಗಂಟೆ ಹಿಡಿಯಿತು. ಒಂದು ವಿಷಯ ನನಗೆ ಆಮೇಲೆ ತಿಳಿಯಿತು. ಅಪ್ಪನ ಹೊಟ್ಟೆಗೂ ಮೊದಲು ಹಾಕಿದ್ದು ಒಂದು ಸಣ್ಣ ತೂತೇ. ಕ್ಯಾಮೆರಾ ಇಳಿಸಿ, ಸಿ.ಟಿ.ಯಲ್ಲಿ ಕಾಣದ ಸಣ್ಣ ಕಣಗಳು ಲಿವರ್ ಮೇಲೆ, ಹೊಟ್ಟೆಯ ಪರದೆ ಮೇಲೆ ಇವೆಯಾ ಅಂತ ನೋಡಿ, ಇಲ್ಲ ಅಂತ ಖಾತ್ರಿ ಆದ ಮೇಲೆಯೇ ಹೊಟ್ಟೆ ತೆರೆದಿದ್ದರು. ಇದ್ದಿದ್ದರೆ ಅಲ್ಲಿಗೇ ನಿಲ್ಲಿಸಿ ಕೀಮೋಗೆ ಕಳಿಸುತ್ತಿದ್ದರಂತೆ. ನಾನು ಎರಡು ಪಕ್ಷ ಮಾಡಿಕೊಂಡು ಜಗಳ ಆಡಿದ್ದೆ. ಆ ಡಾಕ್ಟರ ಕೈಯಲ್ಲಿ ಎರಡೂ ಒಟ್ಟಿಗೇ ಇದ್ದವು.

ಐ.ಸಿ.ಯು.ನಿಂದ ಹೊರಗೆ ತಂದಾಗ ಗಾಯ ನೋಡಿದೆ. ಎದೆ ಮೂಳೆಯ ಕೆಳಗಿಂದ ಹೊಕ್ಕುಳ ದಾಟಿ ಒಂದು ಗೀಟು. ಮೂವತ್ನಾಲ್ಕು ಪಿನ್ ಎಣಿಸಿದೆ. ಹೊರಗೆ ಬಂದು ಅತ್ತೆ. ನೋಡಲು ಬಂದ ಬೀಗರೆಲ್ಲ ಹೊದಿಕೆ ಸರಿಸಿ ಗಾಯ ನೋಡಿ ಲೊಚಗುಟ್ಟಿ ಹೋದರು. ಡಾಕ್ಟರ್ ಮತ್ತು ನರ್ಸ್ ಮಾತ್ರ ಬಂದ ಕೂಡಲೇ ಮಂಚದ ಪಕ್ಕ ಜೋತುಬಿದ್ದ ಚೀಲದ ಕಡೆ ಬಗ್ಗುತ್ತಿದ್ದರು. ಜೋಡಣೆಯ ಹತ್ತಿರ ಇಟ್ಟ ರಬ್ಬರ್ ನಳಿಕೆಯಿಂದ ಅದಕ್ಕೆ ನೀರು ಇಳಿಯುತ್ತಿತ್ತು. ಪ್ಯಾಂಕ್ರಿಯಾಸಿನ ರಸ ಊಟವನ್ನು ಕರಗಿಸುವ ರಸ. ಜೋಡಣೆ ಸೋರಿದರೆ ಅದು ನಮ್ಮ ಮೈಯನ್ನೇ ಕರಗಿಸಲು ಶುರು ಮಾಡುತ್ತದೆ. ಪಕ್ಕದ ರಕ್ತನಾಳವನ್ನು ತಿಂದರೆ ವಾರ ಕಳೆದ ಮೇಲೂ ಒಮ್ಮೆಲೇ ರಕ್ತ ಬರಬಹುದು. ಹಾಗಾಗಿ ಮೂರನೇ ದಿನ ಆ ಚೀಲದ ನೀರನ್ನು ಅಮೈಲೇಸ್ ಪರೀಕ್ಷೆಗೆ ಕಳಿಸುತ್ತಾರೆ. ಅಮೈಲೇಸ್ ಅಂದರೆ ಆ ರಸದಲ್ಲಿರುವ ಒಂದು ಅಂಶ. ರಕ್ತದಲ್ಲಿ ಇರಬಹುದಾದ ಮೇಲಿನ ಮಟ್ಟಕ್ಕಿಂತ ಮೂರು ಪಟ್ಟು ದಾಟಿದ್ದರೆ ಸೋರುತ್ತಿದೆ ಅಂತ ಅರ್ಥ. ಅಪ್ಪನದು ದಾಟಿತ್ತು.

ಆ ಎಂಟು ದಿನ ನಾನು ಮರೆಯಲಾರೆ. ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಎದ್ದು ಮೊಬೈಲ್ ಬೆಳಕಿನಲ್ಲಿ ಚೀಲದ ಬಣ್ಣ ನೋಡುವುದು. ತಿಳಿ ಹಳದಿ ಇದ್ದರೆ ಸಮಾಧಾನ. ಸ್ವಲ್ಪ ಕೆಂಪು ಕಂಡರೆ ಓಡುವುದು. ಅವ್ವ ನಿದ್ದೆಗಣ್ಣಲ್ಲೇ "ಹರಿದಿಲ್ಲಲಾ?" ಅಂತ ಕೇಳುತ್ತಿದ್ದಳು. ಎಳೆಗೆ ಕೇಳುವ ಮಾತನ್ನೇ ಕೇಳುತ್ತಿದ್ದಳು. ಜ್ವರ ಬರಲಿಲ್ಲ. ಸೋರಿಕೆ ದಿನದಿನಕ್ಕೆ ಕಡಿಮೆ ಆಯಿತು. ಹನ್ನೊಂದನೇ ದಿನ ನಳಿಕೆ ತೆಗೆದರು, ಹದಿಮೂರನೇ ದಿನ ಗದಗಿಗೆ ಬಂದೆವು.

ಆ ಎಂಟು ರಾತ್ರಿಯಲ್ಲಿ ಹೊಟ್ಟೆಯ ಗೀಟು ನನಗೆ ಒಮ್ಮೆಯೂ ಭಯ ಹುಟ್ಟಿಸಲಿಲ್ಲ. ಚರ್ಮದ ಕೆಳಗಿನ ಆ ಎರಡು-ಮೂರು ಮಿಲಿಮೀಟರ್ ಹೊಲಿಗೆಯ ಮೇಲೆಯೇ ನನ್ನ ಜೀವ ನಿಂತಿತ್ತು. ತೂತಿನಿಂದ ಮಾಡಿದ್ದರೂ ಅದೇ ಮೂರು ಜೋಡಣೆ, ಅದೇ ಬೆಣ್ಣೆ, ಅದೇ ಚೀಲ ಇರುತ್ತಿತ್ತು. ಹೊರಗಿನ ಬಾಗಿಲು ಸಣ್ಣದಾದರೆ ಒಳಗಿನ ಕೆಲಸ ಸಣ್ಣದಾಗುವುದಿಲ್ಲ. ಉದ್ದ ಕೋಲಿನ ತುದಿಯ ಸೂಜಿಯಿಂದ, ಪರದೆ ನೋಡುತ್ತಾ, ಅದನ್ನೇ ಮಾಡಬೇಕು.

ಲೆಕ್ಕಗಳು ಏನು ಹೇಳುತ್ತವೆ

ಆಮೇಲೆ ಕೂತು ಓದಿದೆ. ಆಗ ಓದಿದ್ದು ಜಾಹೀರಾತಿನ ಥರದ್ದು, ಈಗ ಓದಿದ್ದು ರೋಗಿಗಳ ಮೇಲೆ ನಡೆಸಿದ ಪರೀಕ್ಷೆಗಳನ್ನು. ಪಿತ್ತಕೋಶವನ್ನು ತೂತಿನಿಂದ ಮೊದಲು ತೆಗೆದದ್ದು 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ. 1990ರಲ್ಲಿ ಮುಂಬೈಯಲ್ಲಿ ತೆಹೆಮ್ಟನ್ ಉದ್ವಾಡಿಯಾ ಅದನ್ನು ನಮ್ಮ ದೇಶಕ್ಕೆ ತಂದರು. ಕೆಲವೇ ವರ್ಷದಲ್ಲಿ ಅದು ಜಗತ್ತಿನ ರೂಢಿ ಆಯಿತು. ವಿಪಲ್ ಅನ್ನು ಹಾಗೆ ಮಾಡಿದ ಮೊದಲ ವರದಿ 1994ರಲ್ಲಿ ಕೆನಡಾದಿಂದ ಬಂತು. ಮೂವತ್ತು ವರ್ಷ ಆದರೂ ಅದು ಪಿತ್ತಕೋಶದ ಹಾಗೆ ಮನೆಮಾತಾಗಿಲ್ಲ. ಪಿತ್ತಕೋಶ ಕತ್ತರಿಸಿ ತೆಗೆದರೆ ಮುಗಿಯಿತು, ಏನನ್ನೂ ಮತ್ತೆ ಹೊಲಿದು ಕೂಡಿಸಬೇಕಿಲ್ಲ. ಇಷ್ಟೊಂದು ಅಂತರಕ್ಕೆ ಇದೇ ದೊಡ್ಡ ಕಾರಣ ಅಂತ ನನಗೆ ಅನ್ನಿಸುತ್ತದೆ.

ನಮ್ಮ ಪಕ್ಕದ ಕೊಯಮತ್ತೂರಿನಲ್ಲಿ ಪಳನಿವೇಲು ಅವರ ತಂಡ 64 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿತು. 2017ರಲ್ಲಿ ಪ್ರಕಟವಾಯಿತು. ತೂತಿನವರು ಆಸ್ಪತ್ರೆಯಲ್ಲಿ ಇದ್ದದ್ದು ಸುಮಾರು 7 ದಿನ, ಹೊಟ್ಟೆ ತೆರೆದವರು 13 ದಿನ. ತೊಂದರೆಗಳು ಹೆಚ್ಚು ಕಡಿಮೆ ಒಂದೇ. ಇದನ್ನು ಓದಿದಾಗ ಹಳೇ ಸಂಕಟ ಮತ್ತೆ ಎದ್ದಿತು. ಅಪ್ಪನೂ 13 ದಿನ ಇದ್ದರಲ್ವಾ. ಆಮೇಲೆ ಡಚ್ಚರ ಪರೀಕ್ಷೆ ಓದಿದೆ. ಅದರ ಹೆಸರು ಲೆಪರ್ಡ್-2. ನಾಲ್ಕು ಆಸ್ಪತ್ರೆ, 99 ರೋಗಿಗಳು. ಮಾಡಿದವರು ತರಬೇತಿ ಮುಗಿಸಿ, ಕನಿಷ್ಠ 20 ವಿಪಲ್‌ಗಳನ್ನು ತೂತಿನಿಂದ ಮಾಡಿದ್ದವರೇ. ಆದರೂ ಆಪರೇಷನ್‌ನ ತೊಂದರೆಯಿಂದ 90 ದಿನದೊಳಗೆ ತೂತಿನ ಗುಂಪಿನ 50 ಜನರಲ್ಲಿ 5 ಮಂದಿ ತೀರಿಕೊಂಡರು. ತೆರೆದ ಗುಂಪಿನ 49ರಲ್ಲಿ ಒಬ್ಬರು. ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಅದು 2019ರ ವರದಿ. 2021ರಲ್ಲಿ ಚೀನಾದಿಂದ ದೊಡ್ಡ ಪರೀಕ್ಷೆ ಬಂತು. 14 ಆಸ್ಪತ್ರೆ, 656 ರೋಗಿಗಳು. ಅಲ್ಲಿ ಸಾವಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆಸ್ಪತ್ರೆಯ ದಿನಗಳು 15 ಮತ್ತು 16. ಅಲ್ಲಿ ಭಾಗವಹಿಸುವ ಸರ್ಜನ್ ಈಗಾಗಲೇ ಕನಿಷ್ಠ 104 ವಿಪಲ್‌ಗಳನ್ನು ತೂತಿನಿಂದ ಮಾಡಿರಬೇಕು ಅನ್ನುವ ಷರತ್ತು ಇತ್ತು.

20 ಮತ್ತು 104. ಈ ಎರಡು ಅಂಕಿಗಳನ್ನು ನಾನು ಬಹಳ ಹೊತ್ತು ನೋಡುತ್ತಾ ಕೂತೆ. ಬರೀ ಈ ಅಂಕಿಯಿಂದಲೇ ಎಲ್ಲಾ ವ್ಯತ್ಯಾಸ ಆಯಿತು ಅಂತ ನಾನು ಹೇಳಲಾರೆ, ಡಚ್ಚರ ಪರೀಕ್ಷೆ ಸಣ್ಣದು. ಆದರೆ ತೆರೆದ ಆಪರೇಷನ್‌ಗೂ ಇದೇ ಮಾತು ಅನ್ವಯಿಸುತ್ತದೆ. ಅಮೆರಿಕದ ಸರ್ಕಾರಿ ವಿಮೆಯಲ್ಲಿದ್ದ ವಯಸ್ಸಾದವರ ಲೆಕ್ಕ 2002ರಲ್ಲಿ ಪ್ರಕಟವಾಗಿತ್ತು. ವರ್ಷಕ್ಕೆ ಸರಾಸರಿ ಒಂದೂ ಪ್ಯಾಂಕ್ರಿಯಾಸ್ ಆಪರೇಷನ್ ಮಾಡದ ಆಸ್ಪತ್ರೆಗಳಲ್ಲಿ ಸಾವು ಶೇ 16.3. ವರ್ಷಕ್ಕೆ 16ಕ್ಕಿಂತ ಜಾಸ್ತಿ ಮಾಡುವಲ್ಲಿ ಶೇ 3.8. ಕೈ ಪಳಗಿದ ಸರ್ಜನ್ ಮಾತ್ರ ಅಲ್ಲ, ಚೀಲದ ಬಣ್ಣ ಗುರುತು ಹಿಡಿಯುವ ನರ್ಸ್, ರಾತ್ರಿ ರಕ್ತ ಬಂದರೆ ನಾಳದೊಳಗೆ ತಂತಿ ಇಳಿಸಿ ಮುಚ್ಚಬಲ್ಲ ರೇಡಿಯಾಲಜಿಯವರು, ಇವರೆಲ್ಲ ಆ ಅಂಕಿಯೊಳಗೆ ಇದ್ದಾರೆ. ನಮ್ಮ ಅವ್ವ ಇದನ್ನೆಲ್ಲ ಓದದೆಯೇ ಕೇಳಿದ್ದಳು.

ಬಾಲದ ಮಾತು ಬೇರೆ

ನಮ್ಮ ಶಾಲೆಯ ಸಹೋದ್ಯೋಗಿಯ ಅತ್ತಿಗೆ ಹಾವೇರಿಯವರು. ನಲವತ್ತೈದರ ಹೆಂಗಸು. ಅವರಿಗೆ ಪ್ಯಾಂಕ್ರಿಯಾಸಿನ ಬಾಲದಲ್ಲಿ ನೀರು ತುಂಬಿದ ಗಂಟು. ದುರ್ಬೀನ್‌ನಿಂದ ತೆಗೆದರು, ಐದನೇ ದಿನ ಮನೆಗೆ ಬಂದರು. ಇದನ್ನು ಕೇಳಿ ನಮ್ಮ ಚಿಕ್ಕಪ್ಪ "ನೋಡ, ಅವರಿಗೆ ಐದ ದಿನ, ನಮಗ ಹದಿಮೂರ" ಅಂತ ಸರ್ಜನ್ ಮೇಲೆ ಸಿಟ್ಟಾದರು. ಅಂಗ ಒಂದೇ, ಆಪರೇಷನ್ ಬೇರೆ. ಬಾಲ ಕತ್ತರಿಸಿದರೆ ಕರುಳಿಗೆ ಏನನ್ನೂ ಕೂಡಿಸಬೇಕಿಲ್ಲ. ಕತ್ತರಿಸಿದ ತುದಿಯನ್ನು ಸ್ಟೇಪ್ಲರ್ ಹಾಕಿ ಮುಚ್ಚುತ್ತಾರೆ. ಸೋರಿಕೆ ಅಲ್ಲೂ ಆಗಬಹುದು, ಆದರೆ ಬಾಲಕ್ಕೆ ಸಣ್ಣ ತೂತು ನಿಜವಾಗಿ ಒಳ್ಳೆಯದು. ಅದೇ ಡಚ್ಚರು ಬಾಲದ ಆಪರೇಷನ್ ಮೇಲೆ 108 ಜನರ ಪರೀಕ್ಷೆ ಮಾಡಿದ್ದರು. ತೂತಿನವರು 4 ದಿನಕ್ಕೆ ಓಡಾಡುವಂತಾದರು, ತೆರೆದವರು 6 ದಿನಕ್ಕೆ. ಕ್ಯಾನ್ಸರ್ ಇದ್ದವರ ಮೇಲೆ 12 ದೇಶಗಳಲ್ಲಿ ನಡೆದ ಪರೀಕ್ಷೆ 2023ರಲ್ಲಿ ಬಂತು. ಅಂಚಿನಲ್ಲಿ ಗಡ್ಡೆ ಉಳಿಯದೆ ಪೂರ್ತಿ ಬಂದದ್ದು ತೂತಿನಲ್ಲಿ ಶೇ 73, ತೆರೆದದ್ದರಲ್ಲಿ ಶೇ 69. ಅಂದರೆ ತೂತಿನಿಂದ ಮಾಡಿದರೆ ಗಡ್ಡೆ ಉಳಿದುಬಿಡುತ್ತದೆ ಅನ್ನುವ ಹೆದರಿಕೆ ಬೇಕಿಲ್ಲ. ಹಾವೇರಿಯವರಿಗೆ ಬಾಲದ ಜೊತೆ ಸೋಂಕಿನಿಂದ ಕಾಯುವ ಗುಲ್ಮವನ್ನೂ (ಸ್ಪ್ಲೀನ್) ತೆಗೆದಿದ್ದರು. ಅದಕ್ಕೆ ನ್ಯುಮೋನಿಯಾ ಮುಂತಾದವುಗಳ ಲಸಿಕೆ ಹಾಕಿಸಿದ್ದಾರೆ. ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಬನ್ನಿ ಅಂತಲೂ ಹೇಳಿದ್ದಾರೆ. ಹೊಟ್ಟೆಯ ಮೇಲೆ ಗುರುತು ಕಾಣದಿದ್ದರೂ ಇದು ಅವರ ಜೊತೆ ಜೀವನಪೂರ್ತಿ ಇರುವ ಮಾತು.

ಕುಣಿ ಮಗ್ಗ

ಗೀಟು ಏನೂ ಅಲ್ಲ ಅಂತ ಹೇಳಿದರೆ ಅಪ್ಪನಿಗೆ ಅನ್ಯಾಯ ಮಾಡಿದ ಹಾಗೆ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು, ಹೊಟ್ಟೆ ಮಡಚಿ, ಮುಂದೆ ಬಾಗಿ ಕೂರಬೇಕು. ಆ ಗಾಯಕ್ಕೆ ಅದು ಆಗಲಿಲ್ಲ. ಐದು ತಿಂಗಳು ಮಗ್ಗ ಸುಮ್ಮನಿತ್ತು. ಕೊಡ ಎತ್ತಬಾರದು, ಕೆಮ್ಮುವಾಗ ದಿಂಬು ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಗಾಯದ ಜಾಗ ಉಬ್ಬಿ ಹರ್ನಿಯಾ ಆಗುತ್ತದೆ ಅಂದಿದ್ದರು. ದಿನಗೂಲಿಯ ಮೇಲೆ ಬದುಕುವವರಿಗೆ ಸಣ್ಣ ಗಾಯ ಅಂದರೆ ಚಂದದ ಮಾತಲ್ಲ, ಅನ್ನದ ಮಾತು. ಅದಕ್ಕೇ ನನಗೆ ಆಸೆ ಇದೆ. ವಿಪಲ್ ಅನ್ನು ತೂತಿನಿಂದ, ರೋಬೋಟ್‌ನಿಂದ ಚೆನ್ನಾಗಿ ಮಾಡುವ ಪಳಗಿದ ಕೈಗಳು ನಮ್ಮ ಕಡೆಯೂ ಜಾಸ್ತಿ ಆಗಲಿ. ನೇಕಾರನಿಗೂ ಹಮಾಲನಿಗೂ ಅದು ಸಿಗಲಿ.

ಐದು ತಿಂಗಳ ನಂತರ ಅಪ್ಪ ಮಗ್ಗಕ್ಕೆ ಇಳಿದರು. ದಿನಕ್ಕೆ ಒಂದು ತಾಸು, ಆಮೇಲೆ ಎರಡು. ಊಟದ ಮೊದಲ ತುತ್ತಿನ ಜೊತೆ ಜೀರ್ಣರಸದ ಕ್ಯಾಪ್ಸೂಲ್. ಅದನ್ನು ಮರೆತ ದಿನ ರೊಟ್ಟಿ ಮೇಲಿನ ಶೇಂಗಾ ಚಟ್ನಿಯ ಎಣ್ಣೆ ಅರಗದೆ ಹಾಗೇ ಹೋಗುತ್ತಿತ್ತು. ಕೀಮೋ ಮುಗಿಸಿದರು. ಮೊಮ್ಮಗಳ ಕುಪ್ಪಸಕ್ಕೆ ಅಂತ ಒಂದು ಖಣ ನೇಯ್ದರು. ಎರಡೂವರೆ ವರ್ಷ ನಮ್ಮ ಜೊತೆ ಇದ್ದರು. ಆಮೇಲೆ ಲಿವರ್‌ನಲ್ಲಿ ಕಾಣಿಸಿಕೊಂಡಿತು. ದುರ್ಬೀನ್‌ನಿಂದ ಮಾಡಿಸಿದ್ದರೆ ಇನ್ನೂ ಇರುತ್ತಿದ್ದರೋ ಅಂತ ಬಹಳ ದಿನ ಒಳಗೇ ಕೊರೆಯುತ್ತಿತ್ತು. ಗಡ್ಡೆ ಮರಳಿ ಬರುವುದನ್ನು ಗಾಯದ ಉದ್ದ ತೀರ್ಮಾನ ಮಾಡುವುದಿಲ್ಲ ಅಂತ ಈಗ ತಿಳಿದಿದೆ.

ರಾಣೆಬೆನ್ನೂರಿನ ತಮ್ಮನಿಗೆ ಆ ರಾತ್ರಿ ಎರಡು ಪ್ರಶ್ನೆ ಬರೆದುಕೊಳ್ಳಲು ಹೇಳಿದೆ. ಗಡ್ಡೆ ತಲೆಯಲ್ಲಿದೆಯೋ ಬಾಲದಲ್ಲಿದೆಯೋ? ಇದೇ ಆಪರೇಷನ್, ಇದೇ ರೀತಿಯಲ್ಲಿ, ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಡಾಕ್ಟರಿಗೆ ಸಿಟ್ಟು ಬಂದರೆ ಏನು ಮಾಡೋದು ಅಂತ ಅವನಿಗೆ ಅಳುಕು. ಅವ್ವ ಫೋನ್ ಕಸಿದುಕೊಂಡು "ಕೈ ಜೋಡಿಸಿ ಕೇಳು, ಆದರ ಕೇಳು" ಅಂದಳು.

ಮೂರನೇ ದಿನ ಅವನು ಮತ್ತೆ ಫೋನ್ ಮಾಡಿದ. ಡಾಕ್ಟರಿಗೆ ಸಿಟ್ಟು ಬರಲಿಲ್ಲವಂತೆ. ಕೂರಿಸಿ, ಚಹಾ ತರಿಸಿ ಹೇಳಿದರಂತೆ. ಗಡ್ಡೆ ತಲೆಯಲ್ಲಿದೆ, ಅಂಥದ್ದು ನನ್ನ ಹತ್ತಿರ ವರ್ಷಕ್ಕೆ ಎರಡು ಬಂದರೆ ಹೆಚ್ಚು, ನಾನೇ ಪತ್ರ ಕೊಡುತ್ತೇನೆ, ಬೆಂಗಳೂರಿಗೆ ಹೋಗಿ. ತೆರೆದು ಮಾಡುತ್ತಾರೋ ತೂತು ಹಾಕುತ್ತಾರೋ ಅನ್ನುವುದನ್ನು ಅಲ್ಲಿಯವರಿಗೇ ಬಿಡಿ. ಭಾನುವಾರ ರಾತ್ರಿ ರೈಲಿಗೆ ಟಿಕೆಟ್ ಆಗಿದೆ ಅಂದ. ಸಿ.ಟಿ. ಸ್ಕ್ಯಾನಿನ ಸಿ.ಡಿ.ಯನ್ನು ಟ್ರಂಕಿನಲ್ಲಿ ಹಾಕಬೇಡ, ಕೈಚೀಲದಲ್ಲೇ ಇಟ್ಟುಕೋ ಅಂತ ಹೇಳಿದೆ.